ನಿಂತ ಗಡಿಯಾರ

ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಧರ್ಮರಾಯನ ಕಥೆ ನಮಗೆಲ್ಲ ಗೊತ್ತು. ಮಗುವೊಂದಕ್ಕಾಗಿ ತನ್ನ ಜೀವವನ್ನೇ ಬಿಟ್ಟ ನಾಯಿಯ ಕಥೆಯೂ ಒಂದಿದೆ. 1989ರಲ್ಲಿ ಡಾನ್ ಬ್ಲೂತ್ ನಿರ್ದೇಶಿಸಿದ 'ಆಲ್ ಡಾಗ್ಸ್ ಗೋ ಟು ಹೆವನ್' ಎಂಬ, ಹಾಡುಗಳಿರುವ ಕಾರ್ಟೂನ್ ಚಿತ್ರ ಅದು.

1939ರ ನ್ಯೂ ಆರ್ಲಿಯನ್ಸ್. ಜೂಜುಕೋರ ನಾಯಿ ಚಾರ್ಲಿ ಮೋಸಕ್ಕೆ ಬಲಿಯಾಗಿ ಸ್ವರ್ಗ ಸೇರುತ್ತಾನೆ. ಅಲ್ಲಿ ನಾಯಿಗಳಿಗೆಲ್ಲ ಜಾಗವುಂಟು. ಆದರೆ ಅವನಿಗೆ ಸೇಡಿನದೇ ಧ್ಯಾನ. ತನ್ನ ಆಯುಷ್ಯದ ಗಡಿಯಾರವನ್ನು ಕದ್ದು, ಕೀಲಿ ತಿರುಗಿಸಿ ಭೂಮಿಗಿಳಿಯುತ್ತಾನೆ. ಹಾಗೆ ಇಳಿದವರಿಗೆ ಸ್ವರ್ಗದ ಬಾಗಿಲು ಮತ್ತೆ ತೆರೆಯದು.

ಭೂಮಿಯಲ್ಲಿ ಆನ್-ಮೇರಿ ಎಂಬ ಅನಾಥ ಹುಡುಗಿ ಸಿಗುತ್ತಾಳೆ. ಮೊದಮೊದಲು ಅವಳನ್ನು ತನ್ನ ಲಾಭಕ್ಕೇ ಬಳಸಿಕೊಳ್ಳುತ್ತಾನೆ. ಕೊನೆಗೊಂದು ಗಳಿಗೆ ಬರುತ್ತದೆ: ನೀರಿಗೆ ಬಿದ್ದ ಗಡಿಯಾರ ಒಂದು ಕಡೆ, ಮುಳುಗುತ್ತಿರುವ ಹುಡುಗಿ ಇನ್ನೊಂದು ಕಡೆ. ಚಾರ್ಲಿ ಮೊದಲು ಹುಡುಗಿಯನ್ನು ಮೇಲೆತ್ತುತ್ತಾನೆ. ಅಷ್ಟರಲ್ಲಿ ಗಡಿಯಾರದೊಳಗೆ ನೀರು ಹೊಕ್ಕು ಅದು ನಿಂತೇಬಿಡುತ್ತದೆ, ಅದರೊಡನೆ ಚಾರ್ಲಿಯ ಉಸಿರೂ. ಗಡಿಯಾರದ ಆ ಟಿಕ್ ಟಿಕ್ ಸದ್ದು ನಿಲ್ಲುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಆನ್-ಮೇರಿಗೆ ದನಿ ಕೊಟ್ಟ ಜುಡಿತ್ ಬಾರ್ಸಿ, ಚಿತ್ರ ತೆರೆಗೆ ಬರುವ ಮೊದಲೇ, ಹತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಚಿತ್ರದ ಕೊನೆಯಲ್ಲಿ ಹುಡುಗಿ ಹಾಸಿಗೆಯಲ್ಲಿ ಮಲಗಿರುತ್ತಾಳೆ. ಸತ್ತ ಚಾರ್ಲಿಯ ಆತ್ಮ ಪಕ್ಕಕ್ಕೆ ಬಂದು, ಮೆಲ್ಲನೆ ಹೋಗಿಬರುತ್ತೇನೆ ಎನ್ನುತ್ತದೆ.