ಇಂಗ್ಲಿಷಿನ ಅಪ್ಪಣೆಗೆ ಕಾಯದೆ ಹಾರಿದ ಹಾಡು

(ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

'ಇಂಗ್ಲಿಷಿನಲ್ಲಿ ಹಾಡಿದರೆ ತಾನೆ ಜಗತ್ತು ಕೇಳುವುದು?' ಈ ಮಾತು ನಮ್ಮ ನಗರದ ಹುಡುಗ ಹುಡುಗಿಯರ ಬಾಯಲ್ಲಿ ಆಗಾಗ ಬರುತ್ತದೆ. ಇದಕ್ಕೆ ಉತ್ತರವಾಗಿ ನಾನು ಇಂದು ಘೋಷಣೆ ಕೂಗುವುದಿಲ್ಲ. ಒಂದು ಹಾಡಿನ ಕತೆ ಹೇಳುತ್ತೇನೆ. ಅದು ಇಟಲಿಯ ಹಾಡು. ಜನ ಅದನ್ನು 'ವೊಲಾರೆ' ಎಂದು ಕರೆಯುತ್ತಾರೆ; ಅಂದರೆ ಹಾರುವುದು. ಹಾಡಿಗೆ ಇಟ್ಟ ಹೆಸರು 'ನೆಲ್ ಬ್ಲೂ ದಿಪಿಂತೊ ದಿ ಬ್ಲೂ'. ನೀಲಿ ಬಳಿದ ನೀಲಿಯೊಳಗೆ ಎಂದು ಅರ್ಥ.

ಇದನ್ನು ಹಾಡಿದವನು ದೊಮೆನಿಕೊ ಮೊದುನ್ಯೊ. ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತ್ಯದ ಕಡಲ ದಂಡೆಯ ಊರೊಂದರಲ್ಲಿ 1928ರಲ್ಲಿ ಹುಟ್ಟಿದ. ಹೆಸರಾಗುವ ಮೊದಲು ಅವನು ಹಾಡುತ್ತಿದ್ದದ್ದು ದಕ್ಷಿಣದ ಆಡುನುಡಿಗಳಲ್ಲಿ. ಬಲೆಗೆ ಬಿದ್ದ ಹೆಣ್ಣು ಮೀನನ್ನು ಬಿಟ್ಟು ಹೋಗಲಾರದ ಗಂಡು ಮೀನಿನ ಮೇಲೂ ಹಾಡು ಕಟ್ಟಿದವನು ಅವನು. ಫ್ರಾಂಕೊ ಮಿಲ್ಯಾಚಿ ಎಂಬ ಗೆಳೆಯನ ಜೊತೆ 'ವೊಲಾರೆ' ಬರೆದ. 1958ರಲ್ಲಿ ಸಾನ್‌ರೆಮೊ ಹಾಡಿನ ಸ್ಪರ್ಧೆಯಲ್ಲಿ ಎರಡೂ ತೋಳು ಅಗಲಿಸಿ ನಿಂತು ಹಾಡಿದ, ಗೆದ್ದ. ಅದೇ ವರ್ಷ ಯೂರೋವಿಷನ್ ಸ್ಪರ್ಧೆಯಲ್ಲಿ ಸಿಕ್ಕಿದ್ದು ಮೂರನೆಯ ಸ್ಥಾನ.

ಆಮೇಲೆ ನಡೆದದ್ದನ್ನು ಗಮನಿಸಿ. 1958ರ ಆಗಸ್ಟಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಹಾಡು ಮೊದಲ ಸ್ಥಾನಕ್ಕೇರಿತು. ಒಟ್ಟು 5 ವಾರ ಅಲ್ಲಿತ್ತು. ಏರಿದ್ದು ಯಾವ ರೆಕಾರ್ಡು? ಮೊದುನ್ಯೊ ಇಟಾಲಿಯನ್ನಿನಲ್ಲಿ ಹಾಡಿದ ಅದೇ ರೆಕಾರ್ಡು. 1959ರಲ್ಲಿ ಮೊಟ್ಟಮೊದಲ ಬಾರಿಗೆ ಗ್ರ್ಯಾಮಿ ಪ್ರಶಸ್ತಿ ಕೊಟ್ಟಾಗ 'ವರ್ಷದ ರೆಕಾರ್ಡ್', 'ವರ್ಷದ ಹಾಡು' ಎರಡೂ ಇದಕ್ಕೇ ಬಂದವು.

ಇಂಗ್ಲಿಷ್ ಸಾಲುಗಳನ್ನು ಬರೆದವನು ಮಿಚೆಲ್ ಪ್ಯಾರಿಶ್. ಕೈ ಪಳಗಿದ ಕವಿ. ಡೀನ್ ಮಾರ್ಟಿನ್ 1958ರಲ್ಲೇ ಹಾಡಿದ. ಅಮೆರಿಕದಲ್ಲಿ 12ನೆಯ ಸ್ಥಾನ ಸಿಕ್ಕಿತು. ಬ್ರಿಟನ್ನಿನಲ್ಲಿ ಮಾತ್ರ ಲೆಕ್ಕ ತಿರುಗಿತು: ಮಾರ್ಟಿನ್ 2, ಮೊದುನ್ಯೊ 10. 1960ರಲ್ಲಿ ಬಾಬಿ ರೈಡೆಲ್ ಹಾಡಿದ್ದು ಅಮೆರಿಕದಲ್ಲಿ 4ನೆಯ ಸ್ಥಾನಕ್ಕೆ ಬಂತು. ಇಂಗ್ಲಿಷಿಗೆ ಮಾರುಕಟ್ಟೆಯಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ.

ಆದರೆ ಆ ದಾರಿಯಲ್ಲಿ ಹಾಡು ಏನನ್ನು ಕಳೆದುಕೊಂಡಿತು? ಮೂಲದಲ್ಲಿ ಒಬ್ಬ ಮನುಷ್ಯನಿಗೆ ಕನಸು ಬೀಳುತ್ತದೆ. ಕೈಗೂ ಮುಖಕ್ಕೂ ನೀಲಿ ಬಳಿದುಕೊಳ್ಳುತ್ತಾನೆ. ಗಾಳಿ ಎತ್ತಿಕೊಂಡು ಹೋಗುತ್ತದೆ. ಸೂರ್ಯನಿಗಿಂತ ಮೇಲೆ, ಭೂಮಿ ಕಾಣದಷ್ಟು ದೂರ. ಬೆಳಗಾದರೆ ಕನಸು ಉಳಿಯುವುದಿಲ್ಲ. ಆಗ ಅವನಿಗೆ ನಲ್ಲೆಯ ನೀಲಿ ಕಣ್ಣುಗಳೇ ಆಕಾಶವಾಗುತ್ತವೆ. ಪಲ್ಲವಿಯಲ್ಲಿ ಅಷ್ಟು ಹೊತ್ತೂ 'ಅಲ್ಲಿ ಮೇಲೆ' ಇರುವುದೇ ಸುಖ ಎಂದು ಹಾಡಿದವನು ಕೊನೆಗೆ 'ಇಲ್ಲಿ ಕೆಳಗೆ' ಇರುವುದೇ ಸುಖ ಎನ್ನುತ್ತಾನೆ. ಬದಲಾಗುವುದು ಒಂದೇ ಪದ. ಆ ಒಂದು ಪದದಲ್ಲಿ ಹಾರಿದವನು ನೆಲಕ್ಕೆ ಇಳಿಯುತ್ತಾನೆ, ಮನೆಗೆ ಬರುತ್ತಾನೆ.

ಇಂಗ್ಲಿಷ್ ಸಾಲುಗಳಲ್ಲಿ ಬಣ್ಣ ಬಳಿದ ಕೈಗಳಿಲ್ಲ, ಬೆಳಗಿನ ನೋವಿಲ್ಲ. ಪ್ರೇಮಿಗಳಿಬ್ಬರು ಜನಜಂಗುಳಿ ಬಿಟ್ಟು ಮೋಡಗಳ ಕಡೆಗೆ ಹೊರಡುತ್ತಾರೆ. ಅಂದವಾಗಿಯೇ ಇದೆ. ಆದರೆ ಅವರು ಕೆಳಗೆ ಇಳಿಯುವುದೇ ಇಲ್ಲ! ಮೂಲದ ಜೀವವಿದ್ದ ತಿರುವೇ ಮಾಯ. ಇಷ್ಟಾದರೂ 'ವೊಲಾರೆ' ಎಂಬ ಪದವನ್ನು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಆ ಉದ್ದನೆಯ ಸ್ವರಕ್ಕೆ ಹೊಂದುವ ಇಂಗ್ಲಿಷ್ ಪದ ಎಲ್ಲಿಂದ ತರುವುದು?

ಇನ್ನೊಂದು ಮಾತಿದೆ, ಅದು ಮನಸ್ಸಿಗೆ ಚುಚ್ಚುವಂಥದು. ಡೀನ್ ಮಾರ್ಟಿನ್ ಹುಟ್ಟಿದಾಗ ಅವನ ಹೆಸರು ದೀನೊ ಕ್ರೊಚೆಟ್ಟಿ. ಇಟಲಿಯಿಂದ ವಲಸೆ ಬಂದ ಕ್ಷೌರಿಕನೊಬ್ಬನ ಮಗ. ಮನೆಯಲ್ಲಿ ಅಪ್ಪನ ಸೀಮೆಯ ನುಡಿ; ಶಾಲೆಗೆ ಹೋದಾಗ ಅವನ ಹರುಕು ಇಂಗ್ಲಿಷ್ ಕೇಳಿ ಮಕ್ಕಳು ನಕ್ಕರು. ಬಾಬಿ ರೈಡೆಲ್ ಕೂಡ ಇಟಲಿ ಮೂಲದವನು, ಹುಟ್ಟುಹೆಸರು ರಾಬರ್ಟ್ ರಿಡರೆಲ್ಲಿ. ಹೊಟ್ಟೆಪಾಡಿನ ಲೋಕ ಇಬ್ಬರ ಹೆಸರನ್ನೂ ತಿದ್ದಿತು. ಆದರೂ ಮಾರ್ಟಿನ್ ತನ್ನ ಇಂಗ್ಲಿಷ್ ರೆಕಾರ್ಡಿನ ನಡುವೆ ಇಟಾಲಿಯನ್ ಸಾಲುಗಳನ್ನು ಹಾಡಿದ. ಯಾವ ನುಡಿಯಿಂದಾಗಿ ಹುಡುಗನಾಗಿದ್ದಾಗ ನಗೆಪಾಟಲಾಗಿದ್ದನೋ ಆ ನುಡಿಯ ಸಾಲುಗಳಿಗೆ ಅಮೆರಿಕ ತಲೆದೂಗಿತು. ದಾರಿ ಮಾಡಿಕೊಟ್ಟದ್ದು ಯಾರು? ಹೆಸರನ್ನೂ ನುಡಿಯನ್ನೂ ಬದಲಿಸದೆ ಹಾಡಿದ್ದ ಮೊದುನ್ಯೊ.

ಗಿಟಾರ್ ಹಿಡಿದು ಕೂತಿರುವ ಗೆಳೆಯರೆ, ನಿಮ್ಮ ಹಾಡನ್ನು ಯಾರಾದರೂ ಇಂಗ್ಲಿಷಿಗೆ ತಂದರೆ ತರಲಿ, ಸಂತೋಷ. ಅದನ್ನು ತಡೆಯುವುದು ನಮ್ಮ ಕೆಲಸವಲ್ಲ. ಆದರೆ ತರುವುದಕ್ಕೆ ಮೊದಲು ಒಂದು ಮೂಲ ಬೇಕಲ್ಲ? ಆ ಮೂಲ ಹುಟ್ಟುವುದು ನೀವು ಕನಸು ಕಾಣುವ ನುಡಿಯಲ್ಲಿ. ಅದನ್ನು ಬರೆಯಿರಿ. ತೋಳು ಅಗಲಿಸಿ ಹಾಡಿ.