ಬಣ್ಣಕ್ಕಿಂತ ಮೊದಲು ಊರು ಕೇಳಿ



ಮಾನ್ವಿ ಸೀಮೆಯಲ್ಲಿ ಭತ್ತ ಕೊಯ್ಯುವಾಗ ಹಾವು ಕಂಡವರನ್ನು ಯಾವ ಹಾವೆಂದು ಕೇಳಿ ನೋಡಿ. "ಕರ್ರಗ ಇತ್ತ್ರಿ, ಮೈಮ್ಯಾಗ ಬಿಳಿ ಪಟ್ಟಿ ಇದ್ವು" ಎನ್ನುತ್ತಾರೆ. ಅದು ಕಟ್ಟುಹಾವೂ ಇರಬಹುದು, ತೋಳಹಾವೂ ಇರಬಹುದು. ಮೊದಲನೆಯದು ಕಚ್ಚಿದರೆ ಜೀವಕ್ಕೇ ಅಪಾಯ; ಎರಡನೆಯದರಿಂದ ಮನುಷ್ಯನಿಗೆ ವಿಷದ ಭಯವಿಲ್ಲ. ತೋಳಹಾವಿನ ಪಟ್ಟಿ ಕುತ್ತಿಗೆಯ ಕಡೆ ಎದ್ದು ಕಂಡು ಬಾಲದತ್ತ ಮಾಸುತ್ತದೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಆದರೆ ಪಟ್ಟಿಯೇ ಮಾಸಿದ ಕಟ್ಟುಹಾವುಗಳೂ ಇವೆ. ಆಗ ಉಳಿಯುವ ಸಾಕ್ಷಿ ಹುರುಪೆ: ಕಟ್ಟುಹಾವಿನ ಬೆನ್ನಿನ ನಟ್ಟನಡುವೆ ದೊಡ್ಡ ಷಟ್ಕೋನದ ಹುರುಪೆಗಳ ಸಾಲು ಇರುತ್ತದೆ, ತೋಳಹಾವಿಗೆ ಅದಿಲ್ಲ.

ಇದೇ ತೊಡಕು ಅಮೆರಿಕದ ಪೈನ್ ಹಾವನ್ನು ಸಾಕುವವರಿಗೂ ಇದೆ. ವಿಷವಿಲ್ಲದ ಈ ಹಾವಿನಲ್ಲಿ ಮೂರು ಉಪಪ್ರಭೇದಗಳನ್ನು ಗುರುತಿಸುತ್ತಾರೆ: ಬಿಳಿ ಮೈಮೇಲೆ ಕರಿ ಮಚ್ಚೆಯ ಉತ್ತರದ್ದು, ಕಂದು ಛಾಯೆಯ ಫ್ಲಾರಿಡಾದ್ದು, ಮಿಸಿಸಿಪ್ಪಿ ಮತ್ತು ಅಲಬಾಮಾದ ದಕ್ಷಿಣ ಭಾಗದ ಕರಿಯದು. ಮೂತಿಯ ತುದಿಯ ಚೂಪಾದ ದೊಡ್ಡ ಹುರುಪೆ ನೋಡಿ ಅದು ಪೈನ್ ಹಾವಿನ ಬಳಗದ್ದೆಂದು ಹೇಳಬಹುದು. ವಿಚಿತ್ರ ಬಣ್ಣದ ಸಾಕುಹಾವೊಂದು ಯಾವ ಉಪಪ್ರಭೇದದ್ದು ಎಂದರೆ ಮಾತ್ರ ಮಾತು ತಡವರಿಸುತ್ತದೆ. ಎರಡು ಉಪಪ್ರಭೇದಗಳ ನೆಲೆ ಕೂಡುವಲ್ಲಿ ನಡುವಣ ಬಣ್ಣದ ಹಾವುಗಳು ಹುಟ್ಟುತ್ತವೆ. ಪಂಜರದಲ್ಲಂತೂ ಸಾಕುವವರು ಬೇಕಾದ ಬಣ್ಣಕ್ಕಾಗಿಯೇ ಆಯ್ದು ಕೂಡಿಸುತ್ತಾರೆ. ಉಪಪ್ರಭೇದವೆಂಬುದು ನೆಲಕ್ಕೆ ಅಂಟಿದ ಮಾತು. ತಾಯಿತಂದೆ ಯಾವ ಕಾಡಿನವು ಎಂಬುದು ತಿಳಿಯದ ಹಾವಿಗೆ ಬಣ್ಣ ನೋಡಿ ಉಪಪ್ರಭೇದದ ಹೆಸರಿಡುವುದು ತಪ್ಪು ಎಂಬುದೇ ನನ್ನ ನಿಲುವು.

ನೆಲದ ಮಾತಿಗೆ ಬಲವಾದ ಸಾಕ್ಷಿ ನಮ್ಮ ಕಾಳಿಂಗ ಸರ್ಪ. 1836ರಲ್ಲಿ ಥಿಯೋಡರ್ ಕ್ಯಾಂಟರ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಉದ್ದಗಲಕ್ಕೂ ಇರುವುದು ಒಂದೇ ಪ್ರಭೇದವೆಂದು ಬಹುಕಾಲ ನಂಬಿದ್ದೆವು. ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಟ್ಟಿ ಎಣಿಸಿದರು, ಹುರುಪೆ ನೋಡಿದರು, ವಂಶವಾಹಿಗಳನ್ನು ಓದಿದರು, ಪ್ರತಿ ಹಾವು ಎಲ್ಲಿಯದೆಂಬುದನ್ನೂ ಜೊತೆಗಿಟ್ಟು ಹೋಲಿಸಿದರು. 2024ರಲ್ಲಿ ಅದು ನಾಲ್ಕು ಪ್ರಭೇದವಾಯಿತು. ಪಶ್ಚಿಮ ಘಟ್ಟದ್ದಕ್ಕೆ ಕನ್ನಡದ ಹೆಸರೇ ನಿಂತಿತು: ಒಫಿಯೋಫೇಗಸ್ ಕಾಳಿಂಗ. ಕನ್ನಡದ ಮಾತೊಂದು ಪ್ರಪಂಚದ ವಿಜ್ಞಾನ ಪುಸ್ತಕಗಳಿಗೆ ಹೋದದ್ದು ನನಗೆ ಬಹಳ ದೊಡ್ಡ ಸಂತೋಷ.

ಇಷ್ಟು ಕೇಳಿ ಹಾವು ಹಿಡಿಯಲು ಹೊರಡಬೇಡಿ. ನಮ್ಮ ನಾಗರ, ಕೇರೆ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹುರುಪೆ ಎಣಿಸಲೆಂದು ಬದುಕಿರುವ ಹಾವಿನ ಹತ್ತಿರವೂ ಹೋಗಬೇಡಿ. ಕಚ್ಚಿದ ಹಾವನ್ನು ಗುರುತಿಸಲು ಬೆನ್ನಟ್ಟಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಆಸ್ಪತ್ರೆಯ ಪ್ರತಿವಿಷ ಒಂದೇ. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು: ಬಣ್ಣಗೆಟ್ಟ ಹಾವು ಕಂಡಾಗ ದೂರದಿಂದಲೇ ಫೋಟೋ ತೆಗೆಯಿರಿ, ಅದರ ಕೆಳಗೆ ಹಾವಿನ ಹೆಸರಿಗಿಂತ ಮೊದಲು ಊರು, ಹೊಲ, ದಿನಾಂಕ ಬರೆಯಿರಿ.