ಕರಡಿಯ ಕಾಡಿನಲ್ಲಿ ಸದ್ದು ಮಾಡುತ್ತ ನಡೆಯಿರಿ

ದೇವರಾಯನದುರ್ಗದ ಕಡೆಗೋ, 1994ರಲ್ಲಿ ಕರಡಿಧಾಮವಾದ ದರೋಜಿಯ ಆಸುಪಾಸಿನ ಬಂಡೆಗುಡ್ಡಗಳಿಗೋ ಚಾರಣ ಹೊರಡುವವರು ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮರಳಿ ಮರಳಿ ಬರುತ್ತಿದೆ: ಕರಡಿ ಎದುರಾದರೆ ಓಡಬೇಕೋ, ಮರವೇರಬೇಕೋ, ಉಸಿರು ಬಿಗಿಹಿಡಿದು ಸತ್ತಂತೆ ಬಿದ್ದಿರಬೇಕೋ? ಎದುರಾದ ಮೇಲೆ ಮನುಷ್ಯನ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಆದುದರಿಂದ ಎದುರಾಗದಂತೆ ನಡೆಯುವ ಬಗೆಯನ್ನೇ ಮೊದಲು ನಿವೇದಿಸುತ್ತೇನೆ.

ನಮ್ಮ ಕರಡಿಗೆ ಗೆದ್ದಲು ಪರಮಪ್ರಿಯ ಆಹಾರ. ಮೇಲ್ದವಡೆಯ ನಟ್ಟನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ನೀಳವಾದ ಉಗುರುಗಳಿಂದ ಹುತ್ತವನ್ನು ಬಗೆದು, ತುಟಿಗಳನ್ನು ಮುಂಚಾಚಿ, ಧೂಳು ನುಗ್ಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಹಲ್ಲಿಲ್ಲದ ಸಂದಿನಿಂದ ಅದು ಹುಳುಗಳನ್ನು ಹೀರುವಾಗ ಏಳುವ ಶಬ್ದವು ಕಮ್ಮಾರನ ತಿದಿಯ ಸದ್ದಿನಂತೆ ಬಹುದೂರಕ್ಕೆ ಕೇಳಿಸುವುದು. ದರೋಜಿಯ ಸಮೀಪದಲ್ಲಿ ಒಂದು ಮುಸ್ಸಂಜೆ ನಾನದನ್ನು ಕೇಳಿ ಸ್ತಬ್ಧನಾಗಿ ನಿಂತಾಗ, ಜೊತೆಯಲ್ಲಿದ್ದ ಕುರಿಗಾಹಿಯು ಕೋಲಿನಿಂದ ಬಂಡೆಯನ್ನು ಕುಟ್ಟುತ್ತ ಗಟ್ಟಿಯಾಗಿ ಮಾತಾಡತೊಡಗಿದನು. ಶಬ್ದ ನಿಂತಿತು, ಪೊದೆ ಅಲುಗಿತು, ಪ್ರಾಣಿಯು ಅತ್ತ ಸರಿದುಹೋಯಿತು.

ತನ್ನದೇ ಸದ್ದಿನಲ್ಲಿ ಮುಳುಗಿರುವ, ದೃಷ್ಟಿಯೂ ಮಂದವಾಗಿರುವ ಈ ಪ್ರಾಣಿಗೆ, ಗಾಳಿ ಎದುರಿನಿಂದ ಬೀಸುತ್ತಿದ್ದರೆ ನಿಮ್ಮ ವಾಸನೆಯೂ ಮುಟ್ಟುವುದಿಲ್ಲ. ಮೌನವಾಗಿ ನಡೆಯುವವನು ನಾಲ್ಕು ಮಾರು ದೂರದಲ್ಲಿ ಹಠಾತ್ತನೆ ಪ್ರತ್ಯಕ್ಷನಾಗುತ್ತಾನೆ. ಹುಲಿಗಳಿರುವ ಕಾಡಿನಲ್ಲಿ ಬಾಳಿ ಬಂದ, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಜೀವವು ಅಷ್ಟು ಸಮೀಪದಲ್ಲಿ ಬೆಚ್ಚಿದರೆ ಪಲಾಯನಕ್ಕಿಂತ ಆಕ್ರಮಣವನ್ನೇ ಆಶ್ರಯಿಸುವುದು. ಇನ್ನೂ ಸರಳವಾಗಿ ಹೇಳುತ್ತೇನೆ: ಕರಡಿ ನಿಮ್ಮ ಮೇಲೆ ಬೀಳುವುದು ಬಹುಮಟ್ಟಿಗೆ ಬೆಚ್ಚಿಬಿದ್ದಾಗ. ನೀವು ಬರುತ್ತಿರುವುದು ಅದಕ್ಕೆ ದೂರದಿಂದಲೇ ತಿಳಿಯಲಿ. ಗುಂಪಾಗಿ ಹೋಗಿ, ಮಾತಾಡುತ್ತ ಹೋಗಿ, ತಿರುವಿನಲ್ಲಿಯೂ ಪೊದೆಯ ಮಗ್ಗುಲಲ್ಲಿಯೂ ಕೋಲು ಕುಟ್ಟಿ. ಕಾಡಿನ ಮೌನವನ್ನು ಸವಿಯಬೇಕೆಂದು ಬಾಯಿಮುಚ್ಚಿ ನಡೆಯುವವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಳಿಜಾರಿನಲ್ಲಿ ಓಡಿದರೆ ಕರಡಿಯ ಕೂದಲು ಅದರ ಕಣ್ಣಿಗೆ ಕವಿಯುವುದೆಂದು ಇಂದಿಗೂ ಕೆಲವರು ನಂಬಿರುವುದನ್ನು ಕಂಡರೆ ತಾಳ್ಮೆ ತಪ್ಪುತ್ತದೆ. ಇಳಿಜಾರಿರಲಿ ಏರಿರಲಿ, ಅದು ನಿಮಗಿಂತ ವೇಗವಾಗಿ ಓಡಬಲ್ಲುದು. ಜೇನಿಗಾಗಿ ಮರವನ್ನೇರುವ ಪ್ರಾಣಿಗೆ ನೀವು ಏರಿದ ಮರ ಕಷ್ಟವೇ? ಇನ್ನು ಬಾಲ್ಯದ ನೀತಿಕಥೆಯನ್ನು ನೆಚ್ಚಿ ಅಂಗಾತ ಮಲಗಿ ಉಸಿರು ಕಟ್ಟುವುದು ಎಲ್ಲಕ್ಕಿಂತ ಘೋರ, ಏಕೆಂದರೆ ಅದರ ಉಗುರು ಮುಖಕ್ಕೂ ತಲೆಗೂ ಬೀಳುವುದೇ ಹೆಚ್ಚು. ದೂರದಲ್ಲಿ ಕಂಡರೆ ಓಡದೆ ಮೆಲ್ಲನೆ ಹಿಂದೆ ಸರಿಯಿರಿ. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡು ಕೈಗಳನ್ನೂ ಕುತ್ತಿಗೆಯ ಹಿಂದೆ ಹೆಣೆದುಕೊಳ್ಳಿ. ಬೆನ್ನಿನ ಚೀಲವನ್ನು ಕಳಚಬೇಡಿ.

ಗುಡಾರ ಹೂಡುವವರಿಗೂ ಕೆಲವು ಮಾತು. ಬಂಡೆಗಳ ಸಂದಿನಲ್ಲಿಯೂ ಗವಿಯಲ್ಲಿಯೂ ಕರಡಿ ಹಗಲನ್ನು ಕಳೆಯುತ್ತದೆ, ಚಳಿಗಾಲದಲ್ಲಿ ಮರಿಹಾಕುತ್ತದೆ. ಮಳೆ ಬಂತೆಂದು ಅಲ್ಲಿ ನುಗ್ಗಬೇಡಿ. ಹುತ್ತ, ಹಣ್ಣು ಬಿಟ್ಟ ಕವಳೆಯ ಪೊದೆ, ನೀರಿನ ಹೊಂಡ ಇವುಗಳಿಂದ ದೂರವಿರಿ. ಕತ್ತಲಾದ ಮೇಲೆ ಬಹಿರ್ದೆಸೆಗೂ ಒಬ್ಬರೇ ಹೋಗಬೇಡಿ. ಗಾಯವಾದರೆ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ಒಡನೆಯೇ ಆಸ್ಪತ್ರೆಗೆ ಹೋಗಿ, ರೇಬೀಸ್ ಚುಚ್ಚುಮದ್ದಿನ ವಿಷಯವನ್ನು ವೈದ್ಯರಲ್ಲಿ ಕೇಳಿರಿ.